ಬಿಡುವಿನ ವೇಳೆಗೆ: ಬಟ್ಟೆ ಚೂರು, ಗಾಢ ಬಣ್ಣ ಮತ್ತು ಯಲ್ಲಾಪುರದ ಕೌದಿ



ಸಿದ್ದಾಪುರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಬೆಂಗಳೂರಿನಿಂದ ಬರುವಾಗ ಒಂದು ಚಿತ್ರ ತಂದಿದ್ದಾಳಂತೆ. ಹಲಗೆಯ ಮೇಲೆ ಬಟ್ಟೆ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕೆಂಪು, ಹಳದಿ, ಕಪ್ಪು ಬಣ್ಣ ಬಳಿದ 'ಆಫ್ರಿಕನ್' ಚಿತ್ರ. ತಲೆಯ ಮೇಲೆ ಕೊಡ ಹೊತ್ತ ಹೆಂಗಸು, ಉದ್ದ ಕುತ್ತಿಗೆ, ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು. "ನೋಡಲು ಬಹಳ ಚೆಂದ ಇದೆ. ಮನೆಯಲ್ಲಿ ನಾವೂ ಮಾಡಬಹುದೇ? ಬಟ್ಟೆ ಯಾವುದು, ಅಂಟು ಯಾವುದು, ಬಣ್ಣ ಯಾವುದು ತಿಳಿಸಿ" ಎಂದು ಕೇಳಿದ್ದಾರೆ. ಜೊತೆಗೆ ಫೋಟೋ ಇಟ್ಟಿದ್ದಾರೆ. ಬಣ್ಣವೇನೋ ಚೆಂದವೇ. ಆದರೆ ಆ ಹೆಂಗಸಿಗೆ ಕಣ್ಣು, ಮೂಗು, ಬಾಯಿ ಒಂದೂ ಇಲ್ಲ. ಮುಖ ಇರಬೇಕಾದ ಜಾಗದಲ್ಲಿ ಬರೀ ಕಪ್ಪು ಬಣ್ಣ.

ಖಂಡಿತ ಮಾಡಬಹುದು. ವಿಧಾನವನ್ನು ಮುಂದೆ ಹೇಳಿದ್ದೇನೆ, ಅವಸರ ಇದ್ದವರು ನೇರವಾಗಿ ಅಲ್ಲಿಗೇ ಹೋಗಿ. ಆದರೆ ಆಫ್ರಿಕಾದ ಬಣ್ಣಕ್ಕಾಗಿ ಬೆಂಗಳೂರಿನ ಅಂಗಡಿಯ ತನಕ ಯಾಕೆ ಹೋಗಬೇಕು? ಸಿದ್ದಾಪುರದಲ್ಲಿ ಬಸ್ಸು ಹತ್ತಿ, ಶಿರಸಿಯಲ್ಲಿ ಇಳಿದು ಯಲ್ಲಾಪುರದ ಬಸ್ಸು ಹಿಡಿಯಿರಿ. ಆ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಯರ ಮನೆಯ ಅಂಗಳದ ಬೇಲಿಯ ಮೇಲೆ ಬಿಸಿಲಿಗೆ ಹರವಿದ ಕೌದಿಗಳನ್ನು ನೋಡಿ. ಆಮೇಲೆ ಮಾತಾಡೋಣ.

ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರು ಎಂದು ಶಾಲೆಯಲ್ಲಿ ಓದಿರುತ್ತೇವೆ. ಬಂದವರು ಎನ್ನುವುದಕ್ಕಿಂತ, ಅವರನ್ನು ತಂದರು ಎನ್ನುವುದು ಸರಿ. ಪೋರ್ಚುಗೀಸರ ಹಡಗುಗಳಲ್ಲಿ ಪೂರ್ವ ಆಫ್ರಿಕಾದ ಕಡೆಯಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರಲ್ಲಿ ಬಹಳ. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳಲ್ಲೆಲ್ಲ ಇದ್ದಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಮನೆಮಾತು ಕೊಂಕಣಿ, ಹೊರಗೆ ನಮ್ಮ ಹಾಗೇ ಕನ್ನಡ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅಷ್ಟು ತಲೆಮಾರು ಇಲ್ಲೇ ಬಾಳಿದವರನ್ನು 'ಆಫ್ರಿಕದವರು' ಎಂದು ಬೆರಳು ಮಾಡಿ ತೋರಿಸುವುದೂ ನನಗೆ ಸರಿ ಕಾಣುವುದಿಲ್ಲ. ಅವರು ನಮ್ಮೂರವರೇ.

ನಾನು ಸೊಸೆಯಾಗಿ ಬಂದ ಮನೆ ಯಲ್ಲಾಪುರದ ಹತ್ತಿರ. ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸರಲ್ಲಿ ಒಬ್ಬರನ್ನು ಎಲ್ಲರೂ 'ಬಾಯಿ' ಎಂದೇ ಕರೆಯುತ್ತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ಮನೆಯಲ್ಲಿ ಚಿಕ್ಕ ಮಕ್ಕಳು ಕೂಡ ಅವರಿಗೆ 'ಬಾ, ಹೋಗು' ಎಂದೇ ಮಾತಾಡುತ್ತಿದ್ದರು. ಈಗ ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನಲ್ಲ, ಇದು ನಾನು ಈಚೆಗೆ ಕಲಿತದ್ದು.

1998ರಲ್ಲಿ ನಮ್ಮ ಅತ್ತೆ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ಎರಡೇ ಇದ್ದವು, ಅವು ನಾದಿನಿಯರಿಗೆ ಹೋದವು. ದಿನಾ ಉಡುತ್ತಿದ್ದ ಹತ್ತಿ ಸೀರೆಗಳು ಉಳಿದವು. ಒಂದು ಹಸಿರು ಇಳಕಲ್ ಸೀರೆ, ಕೆಂಪು ಸೆರಗಿನದು, ಮೊಣಕಾಲಿನ ಜಾಗದಲ್ಲಿ ಸವೆದು ಜಾಳುಜಾಳಾಗಿತ್ತು. ಯಾರಿಗೆ ಕೊಡುವುದು? ಎಸೆಯಲು ಯಜಮಾನರು ಒಪ್ಪಲಿಲ್ಲ. ಕೊನೆಗೆ ಬಾಯಿಯನ್ನು ಕರೆದು, ಆ ಸೀರೆಗಳ ಜೊತೆಗೆ ಮಕ್ಕಳ ಹಳೇ ಫ್ರಾಕು, ಶಾಲೆಯ ನೀಲಿ ಚಡ್ಡಿ, ನನ್ನ ಮಾಸಿದ ಲಂಗ ಎಲ್ಲ ಗಂಟು ಕಟ್ಟಿ ಕೊಟ್ಟೆ. "ಒಂದು ಕೌದಿ ಹೊಲಿದುಕೊಡು" ಎಂದೆ.

ಎರಡು ತಿಂಗಳಿಗೆ ಕೌದಿ ಬಂತು. ಬಾಯಿ 150 ರೂಪಾಯಿ ಕೇಳಿದರು. ನಾನು 120 ಕೊಟ್ಟೆ. "ಬಟ್ಟೆ ಎಲ್ಲಾ ನಮ್ದೇ ಅಲ್ಲ? ದಾರ ಮಾತ್ರ ನಿಂದು" ಎಂದೆ. ಬಾಯಿ ಏನೂ ಹೇಳಲಿಲ್ಲ. ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡು ಹೋದರು.

ಇನ್ನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ಕೌದಿ ನನಗೆ ಇಷ್ಟವಾಗಲಿಲ್ಲ. ಹಸಿರಿನ ಪಕ್ಕ ಕೆಂಪು, ಕೆಂಪಿನ ಪಕ್ಕ ಹೂವಿನ ಫ್ರಾಕು, ಅದರ ಪಕ್ಕ ಆ ಚಡ್ಡಿಯ ಗಾಢ ನೀಲಿ. ಒಂದಕ್ಕೊಂದು ಮ್ಯಾಚಿಂಗ್ ಇಲ್ಲ. "ಕಣ್ಣಿಗೆ ಹೊಡೆಯುತ್ತದೆ" ಎಂದು ನಾನು ಅದನ್ನು ಮಗುಚಿ, ಅಡಿಯ ಸಾದಾ ಬಟ್ಟೆ ಮೇಲೆ ಬರುವ ಹಾಗೆ ಹಾಸುತ್ತಿದ್ದೆ. ವರ್ಷಗಟ್ಟಲೆ ಹಾಗೇ ಹಾಸಿದೆ.

ಸಿದ್ದಿಯರ ಕೌದಿಗೆ ಅವರ ಮಾತಿನಲ್ಲಿ ಕವಂದಿ ಎಂದು ಹೆಸರು. ಅದನ್ನು ಹೊಲಿಯುವ ಕ್ರಮವೇ ಬೇರೆ. ನಾವಾದರೆ ನಡುವಿನಲ್ಲಿ ಒಂದು ವಿನ್ಯಾಸ ಮಾಡಿಕೊಂಡು ಸುತ್ತ ಅಂಚು ಕೊಡುತ್ತೇವೆ. ಅವರು ಅಂಚಿನಿಂದ ಶುರು ಮಾಡುತ್ತಾರೆ. ಅಡಿಗೆ ಒಂದು ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ಚೂರುಗಳನ್ನು ಇಡುತ್ತಾ, ಅಂಚನ್ನು ಒಳಕ್ಕೆ ಮಡಿಚುತ್ತಾ, ಓಡುಹೊಲಿಗೆ ಹಾಕಿಕೊಂಡು ನಾಲ್ಕೂ ಸುತ್ತ ಬರುತ್ತಾರೆ. ಒಂದು ಸುತ್ತಾದ ಮೇಲೆ ಅದರ ಒಳಗಿನ ಸುತ್ತು, ಹೀಗೆ ನಡುವಿಗೆ ಬಂದು ಮುಗಿಯಬೇಕು. ಮೊದಲೇ ಗೆರೆ ಎಳೆದ ನಕ್ಷೆ ಇಲ್ಲ. ಕೈಗೆ ಸಿಕ್ಕ ಚೂರನ್ನು ಪಕ್ಕದ ಚೂರಿನ ಮೇಲೆ ಇಟ್ಟು ನೋಡುವುದು, ಬೇಡವೆಂದರೆ ತೆಗೆದು ಇನ್ನೊಂದನ್ನು ಇಡುವುದು. ಮಾಡುವವರಿಗೆ ಇಷ್ಟವಾದರೆ ಕ್ರೈಸ್ತರ ಕೌದಿಯಲ್ಲಿ ಶಿಲುಬೆ ಬರುತ್ತದೆ, ಮುಸ್ಲಿಮರದರಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗೂ ಬಟ್ಟೆಯ ಚೌಕವನ್ನು ತ್ರಿಕೋನವಾಗಿ ಮಡಿಚಿ ಸಿಕ್ಕಿಸಿದ 'ಫೂಲ' ಇರಲೇಬೇಕು, ಹೂವು ಎಂದು ಅರ್ಥ. ನಮ್ಮ ಬಾಯಿ ಕೊನೆಯ ಚೂರನ್ನು ಹೊಲಿಯುವ ಮುನ್ನ ಅದರ ಅಡಿ ನಾಲ್ಕು ಅಕ್ಕಿಕಾಳು ಇಡುತ್ತಿದ್ದರು. ಕೌದಿಯ ಹೊಟ್ಟೆ ಹಸಿದಿರಬಾರದಂತೆ.

ಇದು ಆಫ್ರಿಕಾದಿಂದಲೇ ಬಂದ ವಿದ್ಯೆ ಎಂದು ಅವಸರ ಪಟ್ಟು ಹೇಳಬೇಡಿ. ಧಾರವಾಡದ ಕಡೆಯೂ ಕೌದಿ ಉಂಟು, ಲಂಬಾಣಿಯವರಲ್ಲೂ ಉಂಟು, ಮರಾಠಿ ಮಾತಾಡುವವರ ಗೋಧಡಿ ಉಂಟು. ನಮ್ಮ ನೆಲದ ಹೆಂಗಸರೆಲ್ಲ ಹರಿದ ಬಟ್ಟೆಯಿಂದ ಹೊದಿಕೆ ಮಾಡಿದವರೇ. ಆದರೆ ಸಿದ್ದಿಯರ ಕೈಯಲ್ಲಿ ಬಣ್ಣ ಬೇರೆ ರೀತಿ ಕೂರುತ್ತದೆ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕೆಂಟೆ ಬಟ್ಟೆಯನ್ನು ನೋಡಿದವರು ಒಪ್ಪಿಯಾರು. ಅಲ್ಲಿ ನಾಲ್ಕು ಬೆರಳಗಲದ ಪಟ್ಟಿಗಳನ್ನು ನೇಯ್ದು ಒಂದರ ಪಕ್ಕ ಒಂದು ಹೊಲಿಯುತ್ತಾರೆ. ಒಂದೇ ಬಣ್ಣ ಓಡಿಕೊಂಡು ಹೋಗಿ ಥಟ್ಟನೆ ತಡೆದು, ಇನ್ನೊಂದು ಶುರುವಾಗುತ್ತದೆ. (ಅಂದ ಹಾಗೆ, ಪೇಟೆಯಲ್ಲಿ 'ಆಫ್ರಿಕನ್ ಪ್ರಿಂಟ್' ಎಂದು ಮಾರುವ ಮೇಣದ ಅಚ್ಚಿನ ಬಟ್ಟೆಯ ಕತೆ ತಮಾಷೆಯಾಗಿದೆ. ಅದು ಜಾವಾ ದ್ವೀಪದ ಬಾಟಿಕ್ ಬಟ್ಟೆಯನ್ನು ಅನುಕರಿಸಿ ಹಾಲೆಂಡಿನ ಗಿರಣಿಗಳು ತಯಾರಿಸಿದ ಮಾಲು. ಪಶ್ಚಿಮ ಆಫ್ರಿಕಾದ ಹೆಂಗಸರು ಮೆಚ್ಚಿ ಉಟ್ಟು ಅದನ್ನು ತಮ್ಮದಾಗಿ ಮಾಡಿಕೊಂಡರು.)

ಕೆಲವು ವರ್ಷದ ಹಿಂದೆ ಒಂದು ಸಂಜೆ ಮಗ ಫೋನಿನಲ್ಲಿ ಏನೋ ನೋಡುತ್ತಾ ನಮ್ಮನ್ನು ಕರೆದ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು, ಆಫ್ರಿಕಾದ ಕಲೆಯನ್ನು ಅಧ್ಯಯನ ಮಾಡಿದವರು, ನಮ್ಮ ಜಿಲ್ಲೆಗೆ ಬಂದು ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಏರ್ಪಡಿಸಿದ್ದರಂತೆ. ಗೋಡೆಯ ಮೇಲೆ ದೀಪ ಬಿಟ್ಟು ತೂಗುಹಾಕಿದ ಕೌದಿಗಳ ಚಿತ್ರ. ಯಜಮಾನರು ಕನ್ನಡಕ ಏರಿಸಿ ನೋಡಿ, "ಇಂಥದೇ ನಮ್ಮನೆ ಅಟ್ಟದ ಮೇಲೆ ಇದ್ಯಲ್ಲೇ" ಎಂದರು.

ಅಟ್ಟ ಹತ್ತಿ ನೋಡಿದರೆ ಕೌದಿಯ ಅರ್ಧ ಭಾಗ ಇಲಿ ಕಡಿದು ಗೂಡು ಮಾಡಿಕೊಂಡಿತ್ತು.

ಉಳಿದ ಅರ್ಧವನ್ನು ಅಂಗಳಕ್ಕೆ ತಂದು, ಮೊದಲ ಸಲ ಸರಿಯಾದ ಮಗ್ಗುಲು ಮೇಲೆ ಮಾಡಿ ಹರವಿ ಕೂತೆ. ನಾನು 'ಮ್ಯಾಚಿಂಗ್ ಇಲ್ಲ' ಎಂದುಕೊಂಡಿದ್ದೆನಲ್ಲ, ಅಲ್ಲಿ ಲೆಕ್ಕ ಇತ್ತು. ಅತ್ತೆಯ ಸೀರೆಯ ಹಸಿರು ಎಲ್ಲಿ ಕೆಂಪಿಗೆ ತಗುಲುತ್ತದೋ ಅಲ್ಲಿ ನಡುವೆ ಚಡ್ಡಿಯ ನೀಲಿಯ ಒಂದು ಸಣ್ಣ ಪಟ್ಟಿ. ಆ ನೀಲಿ ಇಲ್ಲದಿದ್ದರೆ ಕೆಂಪು ಹಸಿರು ಜಗಳಕ್ಕೆ ನಿಲ್ಲುತ್ತಿದ್ದವು. ಕೆಂಪು ಸೆರಗನ್ನು ಒಂದೇ ಕಡೆ ಇಟ್ಟಿರಲಿಲ್ಲ. ಚೂರುಚೂರು ಮಾಡಿ ಮೂಲೆಯಿಂದ ನಡುವಿನ ತನಕ ಹೆಜ್ಜೆ ಇಟ್ಟ ಹಾಗೆ ಹಂಚಿದ್ದರು. ಬಿಳಿ ದಾರದ ಹೊಲಿಗೆ ಎಲ್ಲದರ ಮೇಲೂ ಸಾಲುಸಾಲಾಗಿ ಹರಿದು, ಒಟ್ಟು ಬಟ್ಟೆ ಗದ್ದೆಯ ನೀರಿನಂತೆ ಸಣ್ಣಗೆ ಸುಕ್ಕುಗಟ್ಟಿತ್ತು.

ಪಕ್ಕದ ಬಣ್ಣ ಈ ಬಣ್ಣವನ್ನು ಬದಲಿಸುತ್ತದೆ ಎನ್ನುವುದನ್ನು ಯುರೋಪಿನವರು ಶಾಸ್ತ್ರ ಮಾಡಿ ಬರೆದದ್ದು 1839ರಲ್ಲಿ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಶೆವ್ರಲ್ ಎಂಬ ರಸಾಯನ ಶಾಸ್ತ್ರಜ್ಞ ಮುಖ್ಯಸ್ಥನಾಗಿದ್ದ. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂದು ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ಇಟ್ಟ ನೀಲಿ, ನೇರಳೆ ಎಳೆಗಳಿಂದ ಅದು ಮಂಕಾಗಿ ಕಾಣುತ್ತಿತ್ತು. ನಮ್ಮ ಬಾಯಿ ಆ ಪುಸ್ತಕ ಓದಿದವರಲ್ಲ. ಚೂರನ್ನು ಇಟ್ಟು ನೋಡಿ, ತೆಗೆದು, ಮತ್ತೆ ಇಟ್ಟು ನೋಡಿದವರು. ಅದಕ್ಕೆ ಎರಡು ತಿಂಗಳು ಹಿಡಿದಿತ್ತು. ದಾರ ಮಾತ್ರ ನಿನ್ನದು ಎಂದಿದ್ದೆನಲ್ಲ ನಾನು!

ಈ ಅರ್ಧ ಕೌದಿಯನ್ನು ಏನು ಮಾಡುವುದು? ಅದೇ ಹಾರ್ಲೆಮ್‌ನಲ್ಲಿ ಹುಟ್ಟಿದ ಫೇಯ್ತ್ ರಿಂಗೋಲ್ಡ್ ಎಂಬ ಕಲಾವಿದೆ (1930-2024) ನೆನಪಿಗೆ ಬಂದರು. ಅವರ ತಾಯಿ ಉಡುಪು ಹೊಲಿಯುವವರು. 1980ರಲ್ಲಿ ತಾಯಿ ಮಗಳು ಕೂಡಿ ಒಂದು ಕೌದಿ ಮಾಡಿದರು, ನಡುವೆ ಚೌಕಗಳಲ್ಲಿ ಹಾರ್ಲೆಮ್ ಜನರ ಮುಖಗಳನ್ನು ಮಗಳು ಬಣ್ಣದಲ್ಲಿ ಬರೆದರು. ನೋಡಿ, ಅಲ್ಲಿ ಮುಖಗಳೇ ಮುಖ್ಯ! ಆಮೇಲೆ ಅವರು ಕ್ಯಾನ್ವಾಸಿನ ಮೇಲೆ ಚಿತ್ರ ಬರೆದು ಸುತ್ತ ಬಟ್ಟೆ ಚೂರುಗಳ ಅಂಚು ಹೊಲಿಯುವ ಪದ್ಧತಿಯಿಂದಲೇ ಹೆಸರಾದರು. ಹಾಗಾದರೆ ನಾನೂ ನೋಡೋಣ ಎಂದು ಹೊರಟೆ.

ಮೊದಲ ಪ್ರಯತ್ನ ಪೂರ್ತಿ ಹಾಳು. ಆಷಾಢದ ಮಳೆಯಲ್ಲಿ, ಮೈದಾ ಅಂಟಿನಲ್ಲಿ ಬಟ್ಟೆ ಅಂಟಿಸಿ, ಮೇಲೆ ದಪ್ಪಗೆ ಬಣ್ಣ ಬಳಿದೆ. ನೇಯ್ಗೆಯ ಸಂದುಗಳೆಲ್ಲ ತುಂಬಿ ಬಟ್ಟೆ ರೆಕ್ಸಿನ್ ಹಾಗಾಯಿತು. ಹದಿನೈದು ದಿನಕ್ಕೆ ಹಿಂದಿನಿಂದ ಬೂಸಲು ಬಂತು, ಜಿರಲೆ ಮೂಲೆ ತಿಂದಿತು. ಪುಣ್ಯಕ್ಕೆ ಅದಕ್ಕೆ ಬಳಸಿದ್ದು ಕೌದಿಯಲ್ಲ, ಬೇರೆ ಚಿಂದಿ. ನೀವು ಆ ತಪ್ಪು ಮಾಡದಿರಲಿ ಎಂದು ವಿಧಾನವನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಮಲೆನಾಡಿನಲ್ಲಿ ಇದನ್ನು ದೀಪಾವಳಿ ಕಳೆದ ಮೇಲೆ ಶುರು ಮಾಡಿ. 18 ಅಂಗುಲ ಅಗಲ, 24 ಅಂಗುಲ ಉದ್ದದ ಪ್ಲೈವುಡ್ ಹಲಗೆ ಸಾಕು. ಅದರ ಎರಡೂ ಮುಖಕ್ಕೆ, ನಾಲ್ಕು ಅಂಚಿಗೂ ಪ್ರೈಮರ್ ಹೊಡೆದು ಒಣಗಿಸಿ. ಹಿಂಬದಿ ಯಾರಿಗೆ ಕಾಣುತ್ತದೆ ಎಂದು ಬಿಟ್ಟರೆ ಮಳೆಗಾಲದಲ್ಲಿ ಹಲಗೆ ಬಾಗುತ್ತದೆ.

ಬಟ್ಟೆಗೆ ಅಂಗಡಿಗೆ ಹೋಗಬೇಡಿ, ನಿಮ್ಮ ಪೆಟ್ಟಿಗೆ ತೆಗೆಯಿರಿ. ಸವೆದ ಹತ್ತಿ ಸೀರೆ, ಖಣದ ಕುಪ್ಪಸ, ಒರಟು ಬೇಕಾದಲ್ಲಿ ಅಕ್ಕಿಚೀಲದ ಗೋಣಿ ತಾಟು, ನುಣುಪು ಬೇಕಾದಲ್ಲಿ ರೇಷ್ಮೆಯ ಹರಿದ ಅಂಚು. ಖಣದ ಬಟ್ಟೆಗೆ ಬೆಳಕು ಬಿದ್ದಾಗ ಬರುವ ಹೊಳಪು ಯಾವ ಬಣ್ಣದ ಡಬ್ಬಿಯಲ್ಲೂ ಸಿಗುವುದಿಲ್ಲ. ನೈಲಾನ್ ಬೇಡ, ಅಂಟೂ ಹಿಡಿಯದು, ಬಣ್ಣವೂ ಹಿಡಿಯದು. ಗಂಜಿ ಹೋಗುವ ಹಾಗೆ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಮಾಡಿಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿರುವ ಕೌದಿಯನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ.

ಹಲಗೆಗಿಂತ ನಾಲ್ಕು ಬೆರಳು ದೊಡ್ಡದಾದ ಹಳೇ ಸೀರೆಯ ತುಂಡನ್ನು ಎರಡು ಪದರ ಮಾಡಿ ನೆಲದ ಮೇಲೆ ಹಾಸಿ. ಅದರ ಮೇಲೆ, ಹೊಲಿಯುವ ಮೊದಲು, ಚೂರುಗಳನ್ನು ಸುಮ್ಮನೆ ಜೋಡಿಸಿ. ಅಂಚಿನಿಂದ ಒಳಕ್ಕೆ ಬನ್ನಿ. ಚಿತ್ರಕ್ಕೆ ಬೇಕಾದ ಜಾಗವನ್ನು ನಡುವೆ ಖಾಲಿ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಕಣ್ಣನ್ನು ಅರೆ ಮುಚ್ಚಿ ನೋಡಿ. ಎಲ್ಲವೂ ಒಂದೇ ಮಬ್ಬಾಗಿ ಕಂಡರೆ ಕಡು ಬಣ್ಣ ಸಾಲದು ಎಂದರ್ಥ. ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದರೂ ಗೊತ್ತಾಗುತ್ತದೆ. ಗಾಢ ಬಣ್ಣ ಎಂದರೆ ಎಲ್ಲವನ್ನೂ ಕಡುವಾಗಿ ತುಂಬುವುದಲ್ಲ. ನಾಲ್ಕು ಚೂರಿಗೆ ಒಂದಾದರೂ ಕಪ್ಪೋ ಕಡುನೀಲಿಯೋ ಇದ್ದರೆ ಉಳಿದ ಮೂರು ತಾವಾಗಿ ಉರಿಯುತ್ತವೆ. ನಿಮಗೆ ತುಂಬಾ ಪ್ರೀತಿಯ ಬಣ್ಣವನ್ನು ಒಂದೇ ಕಡೆ ಗುಡ್ಡೆ ಹಾಕದೆ ಮೂರು ನಾಲ್ಕು ಕಡೆ ಚಿಕ್ಕದಾಗಿ ಹಂಚಿ. ಎಡಬಲ ಒಂದೇ ಸಮ ಮಾಡಲು ಹೋಗಬೇಡಿ. ಅದು ರಂಗೋಲಿಗೆ ಚೆಂದ, ಇದಕ್ಕಲ್ಲ.

ಆಮೇಲೆ ದಪ್ಪ ದಾರದಲ್ಲಿ ಓಡುಹೊಲಿಗೆ. ದಾರ ಬಟ್ಟೆಗಿಂತ ಬೇರೆ ಬಣ್ಣದ್ದಿರಲಿ, ಕಾಣಲಿ. ಹೊಲಿದಾದ ಮೇಲೆ ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಸೇರಿಸಿ ಹಲಗೆಗೆ ತೆಳ್ಳಗೆ ಹಚ್ಚಿ. ಬಟ್ಟೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ಲಟ್ಟಣಿಗೆಯಿಂದ ಹಗುರವಾಗಿ ಒತ್ತಿ. ಉಳಿದ ಅಂಚನ್ನು ಹಿಂದಕ್ಕೆ ಮಡಿಚಿ ಸಣ್ಣ ಮೊಳೆ ಹೊಡೆಯಿರಿ. ಮೈದಾ ಅಂಟೇ ಬೇಕೆನ್ನುವವರು ಪುಸ್ತಕ ಕಟ್ಟುವವರ ಹಾಗೆ ಚಿಟಿಕೆ ಮೈಲುತುತ್ತ ಸೇರಿಸಬಹುದು. ತೋಟಕ್ಕೆ ಔಷಧಿ ಹೊಡೆಸುವ ನಮ್ಮ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಕಲಸಬಾರದು, ಮಕ್ಕಳ ಕೈಗೆ ಸಿಗಬಾರದು.

ಕೊನೆಗೆ ಬಣ್ಣ. ಸಿದ್ದಾಪುರದ ಸೋದರಿಗೆ ಇಲ್ಲಿ ಒಂದು ಅನುಕೂಲ ಇದೆ. ನಿಮ್ಮ ತಾಲೂಕಿನ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿರುತ್ತೀರಿ. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅವರಿಗೆ ನಾಲ್ಕೇ ಬಣ್ಣ ಸಾಕು. ನಡುವೆ ಬಿಟ್ಟ ಜಾಗಕ್ಕೆ ನಾನೂ ಕೆಮ್ಮಣ್ಣನ್ನೇ ಸೋಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ ಬಳಿದೆ. ಒಣಗಿದ ಮೇಲೆ ಗೋಡೆಯಂತೆ ಒರಟಾಗಿ ನಿಲ್ಲುತ್ತದೆ. ಅದರ ಮೇಲೆ ಅಕ್ರಿಲಿಕ್ ಬಣ್ಣ. ಬಟ್ಟೆಯ ಮೇಲೆ ಬಣ್ಣ ಬೇಕೆನಿಸಿದಲ್ಲಿ ಬ್ರಷ್ಷನ್ನು ಅದ್ದಿ, ಹಳೇ ಬಟ್ಟೆಗೆ ಚೆನ್ನಾಗಿ ಒರೆಸಿ, ಬಹುತೇಕ ಒಣಗಿದ ಬ್ರಷ್ಷನ್ನು ಮೇಲ್ಮೇಲೆ ಎಳೆಯಿರಿ. ಉಬ್ಬಿದ ಎಳೆಗಳಿಗೆ ಮಾತ್ರ ಬಣ್ಣ ಹಿಡಿದು, ತಗ್ಗಿನಲ್ಲಿ ಬಟ್ಟೆಯ ಸ್ವಂತ ಬಣ್ಣ ಉಳಿಯುತ್ತದೆ. ಗೋಣಿ ತಾಟಿನ ಮೇಲೆ ಇದು ಬಹಳ ಸೊಗಸು. ಗೋಡೆಗೆ ತೂಗುಹಾಕುವಾಗ ಹಿಂದಿನ ನಾಲ್ಕು ಮೂಲೆಗೂ ಬೆರಳು ದಪ್ಪದ ಮರದ ತುಂಡು ಅಂಟಿಸಿ, ಗಾಳಿ ಆಡಲಿ.

ಚಿತ್ರ ಏನು ಬರೆಯಬೇಕು ಎಂದು ನಾನು ಹೇಳಲಾರೆ. ನೋಡದ ದೇಶದ ಗುಡಿಸಲು, ಸಿಂಹ, ಈಟಿ ಬೇಡ ಎಂದಷ್ಟೇ ಹೇಳುತ್ತೇನೆ. ಹೆಂಗಸನ್ನು ಬರೆದರೆ ಕಣ್ಣು ಮೂಗು ಬರೆಯಿರಿ. ನಾನು ಅತ್ತೆಯವರು ಅಡಿಕೆ ಸುಲಿಯಲು ಕೂತದ್ದನ್ನು ಬರೆದೆ. ಮುಖ ಅಷ್ಟೇನೂ ಹೋಲುವುದಿಲ್ಲ, ಆದರೆ ಸೀರೆ ಮಾತ್ರ ಅವರದೇ. ಸುತ್ತಲಿನ ಅಂಚಿಗೆ ಬಾಯಿಯ ಕೌದಿಯ ಉಳಿದ ಅರ್ಧದಿಂದ ತೆಗೆದ ಪಟ್ಟಿಗಳನ್ನು, ಅವರ ಹೊಲಿಗೆ ಬಿಚ್ಚದೆ, ಹಾಗೇ ಇಟ್ಟೆ.

ಕಳೆದ ತಿಂಗಳು ಬಾಯಿಯನ್ನು ಮನೆಗೆ ಕರೆದೆ. ಈಗ ಅವರು ತೋಟದ ಕೆಲಸಕ್ಕೆ ಹೋಗುವುದಿಲ್ಲ, ಮೊಣಕಾಲು ನೋವು. ಚಹಾ ಕುಡಿದು, ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಬೆರಳಿನಿಂದ ಒಂದು ಹೊಲಿಗೆಯ ಸಾಲನ್ನು ಸವರಿದರು.

"ಇದು ನಂದು" ಎಂದರು.

"ಹೌದು ಬಾಯಿ. ನಿಮ್ಮದೇ."

"ದೊಡ್ಡಮ್ಮನ ಸೀರೆ. ಇಲ್ಲೆಂತಕೆ ಬಣ್ಣ ಮೆತ್ತಿದ್ರಿ? ಹೊಲಿಗೆ ಮುಚ್ಚಿ ಹೋಯ್ತು." ಒಂದು ಮೂಲೆಯಲ್ಲಿ ನನ್ನ ಬ್ರಷ್ಷು ಸ್ವಲ್ಪ ಜಾರಿತ್ತು, ಅದನ್ನೇ ಹಿಡಿದರು. ಆಮೇಲೆ ನಾಲ್ಕೂ ಮೂಲೆ ನೋಡಿ, "ಫೂಲ ಎಲ್ಲಿ? ಮೈಮೇಲೆ ಬಟ್ಟೆ ಇಲ್ದೆ ನಿಂತ ಹಂಗೆ ಇದೆ ಅಮ್ಮಾ" ಎಂದು ನಕ್ಕರು. ಅಲ್ಲೇ ಕೂತು ನನ್ನ ಚಿಂದಿಯ ಬುಟ್ಟಿಯಿಂದ ನಾಲ್ಕು ಚೌಕ ಕತ್ತರಿಸಿ ಮಡಿಚಿಕೊಟ್ಟರು. ಮೂರು ಕೆಂಪು, ಒಂದು ಅರಿಶಿನದ ಹಳದಿ. ನಾಲ್ಕೂ ಒಂದೇ ಬಣ್ಣ ಇರಲಿ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.

ಹೋಗುವಾಗ ಮೊಮ್ಮಗಳಿಗೆ ಒಂದು ಹೊಸ ಕೌದಿ ಬೇಕು ಎಂದು ಕೇಳಿದೆ. ಬಟ್ಟೆಯ ಗಂಟು ತೂಗಿ ನೋಡಿ, ಬೆಲೆ ಹೇಳಿದರು. ಸರಿ ಎಂದೆ. ಅವರು ಹೊಸಿಲು ದಾಟಿ, ತಿರುಗಿ ನಿಂತು, "ಆಗಿನ ಮೂವತ್ತು ರೂಪಾಯಿ ಸೇರಿಸಿಯೇ ಹೇಳಿದ್ದು, ಹಾಂ" ಎಂದರು. ಅವರು ನಗುತ್ತಿದ್ದರು, ನಾನು ಒಳಗೆ ಹೋಗಿ ಮುಂಗಡ ತಂದುಕೊಟ್ಟೆ.

ಕೌದಿ ಶಿವರಾತ್ರಿಯ ಹೊತ್ತಿಗೆ ಆಗುತ್ತದಂತೆ.